ಹಳೆ ಅಕ್ಕಿಗೆ ಬೆಲೆಯಿಲ್ಲದ ಊರಿನಲ್ಲಿ

ಒಸಾಕಾದಲ್ಲಿ ತಮ್ಮನ ಮನೆಯಲ್ಲಿ ಮೊದಲ ಊಟ. ಅವ್ವ ತಟ್ಟೆಯಿಂದ ಎರಡು ಅಗುಳು ತೆಗೆದು ಬೆರಳ ನಡುವೆ ಹೊಸಕಿ ನೋಡಿದಳು. ಮೂಸಿಯೂ ನೋಡಿದಳು.

"ಇದು ಹೊಸ ಅಕ್ಕಿ. ನಿನಗೆ ಯಾರೋ ಟೋಪಿ ಹಾಕಿದ್ದಾರೆ" ಎಂದಳು.

"ಇಲ್ಲವ್ವ, ಇಲ್ಲಿ ಹೊಸ ಅಕ್ಕಿಗೇ ಬೆಲೆ. ಹಳೆಯದನ್ನು ಯಾರೂ ಕೇಳುವುದಿಲ್ಲ" ಎಂದ ತಮ್ಮ.

ಅವ್ವ ನನ್ನ ಮುಖ ನೋಡಿದಳು. ಇವನಿಗೆ ಇಲ್ಲಿ ಬಂದು ತಲೆ ಕೆಟ್ಟಿದೆ ಎಂಬಂಥ ನೋಟ. ಗಂಗಾವತಿಯಲ್ಲಿ ನಮ್ಮದು ಚಿಕ್ಕ ರೈಸ್ ಮಿಲ್ ಇದ್ದ ಮನೆ. ಒಂದು ವರ್ಷ ದಾಟಿದ ಸೋನಾ ಮಸೂರಿ ಇದೆಯೇ ಎಂದು ಕೇಳದೆ ಮದುವೆ ಮನೆಯವರು ಕುರ್ಚಿಯ ಮೇಲೆ ಕೂರುವವರೂ ಅಲ್ಲ. ಹಳೆ ಅಕ್ಕಿ ಹೆಚ್ಚು ನೀರು ಕುಡಿಯುತ್ತದೆ, ಅನ್ನ ಒದಗುತ್ತದೆ, ಅಗುಳು ಅಗುಳಾಗಿ ಉದುರುತ್ತದೆ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ. ಹೊಸದನ್ನು ಹಳೆಯದೆಂದು ಮಾರುವ ಚಾಳಿಯನ್ನೂ ನಾವು ಕಂಡವರೇ. ಹಳೆಯದನ್ನು ಹೊಸದೆಂದು ಮಾರುವ ಕಳ್ಳನೊಬ್ಬ ಇರಬಹುದೆಂದು ಮಾತ್ರ ನಮಗೆ ಯಾವತ್ತೂ ಹೊಳೆದಿರಲಿಲ್ಲ.

ಜಪಾನಿನಲ್ಲಿ ಅದಕ್ಕೂ ಕಟ್ಟುನಿಟ್ಟು ಇದೆ. ಹೊಸ ಅಕ್ಕಿಗೆ 'ಶಿನ್‌ಮಾಯ್' ಎಂದು ಹೆಸರು. ಕೊಯ್ಲಾದ ವರ್ಷದ ಡಿಸೆಂಬರ್ 31ರೊಳಗೆ ಚೀಲಕ್ಕೆ ತುಂಬಿದ ಅಕ್ಕಿಯ ಮೇಲೆ ಮಾತ್ರ ಆ ಹೆಸರು ಅಚ್ಚಾಗಬಹುದು. ಅನ್ನ ಅಂಟಾಗಿರಬೇಕು, ಹೊಳೆಯಬೇಕು. ಕಡ್ಡಿಯಲ್ಲಿ ಉಣ್ಣುವವರಿಗೆ ಉದುರು ಅನ್ನ ಕೊಟ್ಟರೆ ಅವರಾದರೂ ಏನು ಮಾಡಿಯಾರು? ಇಷ್ಟು ಸರಳ ಸಂಗತಿ ನನಗೆ ಮೂರನೆಯ ದಿನ ತಲೆಗೆ ಹೋಯಿತು.

ನಾವು ಹೋಗಿದ್ದು 2025ರ ಜೂನ್ ತಿಂಗಳಲ್ಲಿ. ಬುಲೆಟ್ ರೈಲು, ಬಿಸಿ ನೀರು ಚಿಮ್ಮುವ ಶೌಚಾಲಯ, ಗುನುಗುವ ಲಿಫ್ಟು, ಇವೆಲ್ಲ ಮೊಬೈಲಿನಲ್ಲಿ ಮೊದಲೇ ನೋಡಿದ್ದರಿಂದ ಅಷ್ಟೇನೂ ಬೆರಗಾಗಲಿಲ್ಲ. ಬೆರಗಾಗಿದ್ದು ಅಕ್ಕಿಯ ಅಂಗಡಿಯಲ್ಲಿ. ಆಗ ಅಲ್ಲಿ ಅಕ್ಕಿಗೆ ಹಾಹಾಕಾರ. ಐದು ಕಿಲೋ ಚೀಲ 4,000 ಯೆನ್ ದಾಟಿ, ಹಿಂದಿನ ವರ್ಷದ ಬೆಲೆಯ ಎರಡರಷ್ಟಾಗಿತ್ತು. ಆ ದುಡ್ಡಿಗೆ ನಮ್ಮಲ್ಲಿ 25 ಕಿಲೋ ಪಾಕೆಟ್ ಬಂದು ಮೇಲೆ ಚಿಲ್ಲರೆಯೂ ಉಳಿಯುತ್ತದೆ. ಮನೆಗೊಂದೇ ಚೀಲ ಎಂಬ ಚೀಟಿ ಅಂಗಡಿಯಲ್ಲಿ ಅಂಟಿಸಿತ್ತು. ಬೆಂಬಲಿಗರೇ ತಂದು ಕೊಡುವುದರಿಂದ ತಾನು ಅಕ್ಕಿ ಕೊಂಡೇ ಇಲ್ಲ ಎಂದು ಬಾಯಿ ಜಾರಿದ ಕೃಷಿ ಸಚಿವ ತಕು ಎತೊ, ಮೇ ತಿಂಗಳಲ್ಲಿ ಕುರ್ಚಿಯನ್ನೇ ಬಿಡಬೇಕಾಯಿತು. ಇದನ್ನು ಕೇಳಿ ಅವ್ವ ಬಹಳ ಹೊತ್ತು ನಕ್ಕಳು. ಯಾಕೆ ನಕ್ಕಳೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬೆಲೆ ಇಳಿಸಲು ಸರ್ಕಾರ ತನ್ನ ಗೋದಾಮಿನ ದಾಸ್ತಾನು ಹೊರಗೆ ಬಿಟ್ಟಿತ್ತು. ಅದರಲ್ಲಿ 2021ರ ಬೆಳೆಯೂ ಇತ್ತು. ಅದನ್ನು ಅವರು 'ಹಳೆ ಹಳೆ ಹಳೆ ಅಕ್ಕಿ' ಎಂದು ಮೂರು ಸಲ ಹಳೆ ಸೇರಿಸಿ ಕರೆಯುತ್ತಿದ್ದರು. ವಾಸನೆ ಬರುತ್ತದೆಯೇ, ಉಣ್ಣಬಹುದೇ ಎಂದು ಟೀವಿಯಲ್ಲಿ ನಾಲ್ಕೈದು ಜನ ಕುಳಿತು, ಬಟ್ಟಲು ಬಟ್ಟಲು ರುಚಿ ನೋಡಿ ಚರ್ಚೆ ಮಾಡುತ್ತಿದ್ದರು. ತಮ್ಮ ಒಂದೊಂದೇ ಮಾತನ್ನು ಕನ್ನಡಕ್ಕೆ ತಂದು ಹೇಳುತ್ತಿದ್ದ. ಅವ್ವನಿಗೆ ಅದು ಬಂಗಾರವನ್ನು ತುಕ್ಕು ಹಿಡಿದಿದೆಯೇ ಎಂದು ಪರೀಕ್ಷಿಸಿದ ಹಾಗೆ ಕಂಡಿತು. "ಎಲ್ಲಿ ಮಾರುತ್ತಾರೆ ಕೇಳು, ನಾಳೆಯೇ ತರೋಣ" ಎಂದಳು.

ನಾನು ನಿಜವಾಗಿ ದಂಗಾದದ್ದು ನಾರಾ ಕಡೆಯ ಒಂದು ಹಳ್ಳಿಯಲ್ಲಿ. ರಸ್ತೆ ಬದಿಯಲ್ಲಿ ನಮ್ಮ ಎಟಿಎಂ ಕೋಣೆಯಷ್ಟೇ ದೊಡ್ಡ ಗೂಡು. ಒಳಗೆ ಯಾರೂ ಇಲ್ಲ. ಮುದುಕರೊಬ್ಬರು ಪುಟ್ಟ ವ್ಯಾನಿನಿಂದ ಚೀಲ ಇಳಿಸಿಕೊಂಡು ಬಂದರು. ಹೊಟ್ಟು ಮಾತ್ರ ತೆಗೆದ, ಪಾಲಿಶ್ ಆಗದ ಅಕ್ಕಿ, ಹತ್ತು ಕಿಲೋ ಇದ್ದೀತು. ಅದನ್ನು ತೊಟ್ಟಿಗೆ ಸುರಿದು, ನೂರು ಯೆನ್ ನಾಣ್ಯ ಹಾಕಿ, ಎಷ್ಟು ಬಿಳಿ ಬೇಕೆಂದು ಗುಂಡಿ ಒತ್ತಿದರು. ಗರ್ರ್ ಎಂದು ಸದ್ದು. ಅಕ್ಕಿ ಬಿಳಿಯಾಗಿ ಕೆಳಗೆ ಬಂತು. ಅವರು ಚೀಲ ಕಟ್ಟಿಕೊಂಡು, ನಮಗೆ ತಲೆ ಬಾಗಿಸಿ ಹೊರಟೇ ಹೋದರು. ಮಾಲೀಕನಿಲ್ಲ, ಹಮಾಲರಿಲ್ಲ, ತೂಕದ ಜಗಳವಿಲ್ಲ. ಅಪ್ಪ ನಲವತ್ತು ವರ್ಷ ಮಾಡಿದ ಕಸುಬಿನ ಒಂದು ಪಾಲನ್ನು ಒಂದು ಪೆಟ್ಟಿಗೆ ಮಾಡಿ ಮುಗಿಸಿತು.

ಅಷ್ಟರಲ್ಲಿ ತಮ್ಮ ಪಕ್ಕದ ಸಣ್ಣ ಬಾಗಿಲು ತೆರೆದು ತೋರಿಸಿದ. ಒಳಗೆ ತೌಡಿನ ರಾಶಿ. ಬೇಕಾದವರು ಪುಕ್ಕಟೆ ಒಯ್ಯಬಹುದು ಎಂದು ಬರೆದಿತ್ತು. ತೌಡು ಪುಕ್ಕಟೆ! ಎಣ್ಣೆ ತೆಗೆಯುವ ಕಾರ್ಖಾನೆಯವರು ಲಾರಿ ತಂದು ಕಾಯುವ ಊರಿನಿಂದ ಬಂದವನಿಗೆ ಕೈ ಸುಮ್ಮನಿರಲಿಲ್ಲ, ಒಂದು ಹಿಡಿ ತೆಗೆದು ಮೂಸಿದೆ. ಅದೇ ವಾಸನೆ, ಬಿಸಿಯಾದ, ತುಸು ಸಿಹಿಯಾದ ವಾಸನೆ. ಮಿಲ್ಲಿನ ಹಿಂದಿನ ಬಾಗಿಲಲ್ಲಿ ಹುಡುಗನಾಗಿ ನಿಂತ ಹಾಗಾಯಿತು. ಎಂಟು ಸಾವಿರ ರೂಪಾಯಿಯ ಹೊಸ ಅಂಗಿ ತುಂಬ ತೌಡು ಮೆತ್ತಿತ್ತು. ರೈಲಿನಲ್ಲಿ ಯಾರೂ ಏನೂ ಹೇಳಲಿಲ್ಲ. ಆ ರೈಲುಗಳಲ್ಲಿ ಯಾರೂ ಯಾರಿಗೂ ಏನೂ ಹೇಳುವುದಿಲ್ಲ. ಸಿಂಧನೂರಿನಿಂದ ಅತ್ತಿಗೆಯ ಫೋನು ಬಂದು ಅವ್ವ ದನಿಯೆತ್ತಿ ಕ್ಷೇಮಸಮಾಚಾರ ಶುರು ಮಾಡಿದಾಗಲೂ ಇಡೀ ಡಬ್ಬಿ ಮೊಬೈಲಿನತ್ತ ಇನ್ನಷ್ಟು ತಲೆ ಬಗ್ಗಿಸಿತು, ಅಷ್ಟೆ.

ಒಂದು ಮಧ್ಯಾಹ್ನ ಅಂಗಡಿಯಲ್ಲಿ 'ಒನಿಗಿರಿ' ಕೊಂಡೆವು. ಅನ್ನವನ್ನು ಅಂಗೈಯಲ್ಲಿ ಒತ್ತಿ, ಕಡಲಪಾಚಿಯ ಕಪ್ಪು ಹಾಳೆ ಸುತ್ತಿ ಮಾರುತ್ತಾರೆ. ತಮ್ಮ ಸುತ್ತು ಬಿಚ್ಚಿ ಬಿಳಿ ಉಂಡೆಯನ್ನು ಅವ್ವನ ಕೈಗೆ ಕೊಟ್ಟ. ಅವ್ವ ಮುಟ್ಟಿದವಳೇ ಹಿಂದಕ್ಕೆ ಕೊಟ್ಟಳು. "ಹೊಳೆ ದಂಡೆಯಲ್ಲಿ ಕಾಗೆಗೆ ಇಡುವುದನ್ನು ನನ್ನ ಕೈಗೆ ಕೊಡುತ್ತೀಯಲ್ಲ" ಎಂದು ಸಿಟ್ಟಾದಳು. ಎಷ್ಟು ಹೇಳಿದರೂ ತಿನ್ನಲಿಲ್ಲ. ಪಿಂಡ ಪಿಂಡವೇ.

ಅದೇ ರಾತ್ರಿ ಒಂದು ಪುಟ್ಟ ಹೋಟೆಲಿನಲ್ಲಿ ಕೈ ಒರೆಸಿಕೊಳ್ಳಲೆಂದು ನಾನು ಕಡ್ಡಿಗಳೆರಡನ್ನೂ ಅನ್ನದ ಬಟ್ಟಲಿನಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಿದೆ. ಬಡಿಸುತ್ತಿದ್ದ ಹೆಂಗಸು ಕೆಲಸ ಬಿಟ್ಟು ಬಂದು, ಒಂದು ಮಾತೂ ಆಡದೆ ಅವನ್ನು ತೆಗೆದು, ಅಡ್ಡ ಮಲಗಿಸಿ ಹೋದಳು. ತಮ್ಮ ಕೆಂಪಾಗಿದ್ದ. ಸತ್ತವರ ತಲೆದೆಸೆಯಲ್ಲಿ ಇಡುವ ಅನ್ನಕ್ಕೆ ಮಾತ್ರ ಹಾಗೆ ಕಡ್ಡಿ ನಿಲ್ಲಿಸುತ್ತಾರಂತೆ.

ಅವ್ವ ಅದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಆ ಉಂಡೆ ಇನ್ನೂ ಇದೆಯೇನು?" ಎಂದಳು. ಮನೆಗೆ ಹೋದ ಮೇಲೆ ಅರ್ಧ ಮುರಿದು, ಊರಿನಿಂದ ತಂದಿದ್ದ ಗುರೆಳ್ಳು ಪುಡಿ ಹಚ್ಚಿಕೊಂಡು ತಿಂದಳು. ಅರ್ಧ ಮಾತ್ರ.

ಹೊರಡುವ ಹಿಂದಿನ ದಿನ ತಮ್ಮ ಸಾಲಿನಲ್ಲಿ ನಿಂತು 2021ರ ಅಕ್ಕಿ ಒಂದು ಕಿಲೋ ತಂದ. 400 ಯೆನ್‌ಗೂ ಕಡಿಮೆ ಬೆಲೆ. ಅವ್ವ ತಾನೇ ತೊಳೆದು, ಅಳತೆಯ ಮೇಲೆ ಅರ್ಧ ಲೋಟ ನೀರು ಹೆಚ್ಚು ಹಾಕಿ, ಕುಕ್ಕರಿನ ಮುಂದೆಯೇ ಕುಳಿತಳು. ಮುಚ್ಚಳ ತೆಗೆದಾಗ ಅನ್ನ ಮೊದಲಿನಷ್ಟಲ್ಲದಿದ್ದರೂ ಅಂಟಿಕೊಂಡೇ ಇತ್ತು. ಎರಡು ಅಗುಳು ಹೊಸಕಿ ನೋಡಿ ತಲೆಯಾಡಿಸಿದಳು.

"ಇನ್ನೂ ಎರಡು ವರ್ಷ ಬಿಡಬೇಕಾಗಿತ್ತು. ಅವಸರ ಮಾಡಿದ್ದಾರೆ."