ಜೋನಿಬೆಲ್ಲ, ನಿಂಬೆ, ಮಜ್ಜಿಗೆ ಹುಲ್ಲಿನ ಸೋಡಾ

ಬೆಲ್ಲ ಹಾಕಿ ನಿಂಬೆ ಸೋಡಾ ಮಾಡಿದರೆ ಎಷ್ಟೋ ಸಲ ಅರ್ಧ ಲೋಟ ನೊರೆ, ಇನ್ನರ್ಧ ಸಪ್ಪೆ ಪಾನಕ. ತಪ್ಪು ಸೋಡಾದ್ದಲ್ಲ, ಪಾಕದ್ದು. ಬೆಲ್ಲದಲ್ಲಿ ಉಳಿದ ನಾರು, ಮರಳಿನ ಕಣಗಳ ಸುತ್ತ ಗ್ಯಾಸು ಗುಳ್ಳೆಗಟ್ಟಿ ಒಮ್ಮೆಲೇ ಹೊರಟುಹೋಗುತ್ತದೆ. ಪಾಕ ಬೆಚ್ಚಗಿದ್ದರಂತೂ ಕೇಳುವುದೇ ಬೇಡ: 20 ಡಿಗ್ರಿಯ ನೀರಿಗಿಂತ 4 ಡಿಗ್ರಿಯ ನೀರು ಒಂದೂವರೆ ಪಟ್ಟಿಗೂ ಹೆಚ್ಚು ಗ್ಯಾಸನ್ನು ಹಿಡಿದಿಡುತ್ತದೆ.

ಮಲೆನಾಡಿನ ಜೋನಿಬೆಲ್ಲ, ಅಂದರೆ ಗಟ್ಟಿಯಾಗದ ದ್ರವಬೆಲ್ಲ, ಈ ಸೋಡಾಕ್ಕೆ ಹೇಳಿ ಮಾಡಿಸಿದ್ದು. ಸಿಗದಿದ್ದರೆ ಕಪ್ಪು ಉಂಡೆಬೆಲ್ಲ ಆದೀತು. ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ಮೂರು ದಂಟುಗಳ ಬುಡ ಜಜ್ಜಿ, 150 ಮಿ.ಲೀ. ನೀರಿನಲ್ಲಿ ಮುಚ್ಚಿ ಸಣ್ಣ ಉರಿಯಲ್ಲಿ ಐದು ನಿಮಿಷ ಕುದಿಸಿ. ಮುಚ್ಚಳ ತೆರೆದಿಟ್ಟರೆ ಪರಿಮಳವೆಲ್ಲ ಅಡುಗೆಮನೆಗೆ, ಲೋಟಕ್ಕೆ ಏನೂ ಇಲ್ಲ. ಒಲೆ ಆರಿಸಿ 150 ಗ್ರಾಂ ಬೆಲ್ಲ, ಎರಡು ಚಿಟಿಕೆ ಉಪ್ಪು ಕರಗಿಸಿ. ಹತ್ತು ನಿಮಿಷ ಬಿಟ್ಟು, ತೆಳು ಪಂಚೆಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸಿ. ಟೀ ಜರಡಿ ಸಾಲದು. ತಣಿದ ಮೇಲೆ ಫ್ರಿಜ್ಜಿನಲ್ಲಿ ಒಂದು ವಾರ ಇಡಬಹುದು. ಆದರೆ ನಿಂಬೆರಸ ಈಗಲೇ ಬೆರೆಸಬೇಡಿ, ಮರುದಿನಕ್ಕೇ ಅದರ ತಾಜಾತನ ಹೋಗಿರುತ್ತದೆ.

ಒಂದು ಲೋಟಕ್ಕೆ ಎರಡು ದೊಡ್ಡ ಚಮಚ ಪಾಕ, ಒಂದು ದೊಡ್ಡ ಚಮಚ ನಿಂಬೆರಸ, 180 ಮಿ.ಲೀ. ಸೋಡಾ. ನಿಂಬೆಯನ್ನು ಸಿಪ್ಪೆ ತಿರುಚುವಷ್ಟು ಹಿಂಡಿದರೆ ಕಹಿ ಇಳಿಯುತ್ತದೆ. ಗಜನಿಂಬೆ ಸಿಕ್ಕರೆ ಹೊರಸಿಪ್ಪೆಯ ಹಸಿರನ್ನಷ್ಟೇ ತುರಿದು, ಪಾಕ ಇಳಿಸಿದ ಮೇಲೆ ಸೇರಿಸಿ. ಒಳಗಿನ ಬಿಳಿ ಮುಟ್ಟಬೇಡಿ. ಪುದೀನ ಎಲೆಯನ್ನು ಅರೆಯಬಾರದು, ಅಂಗೈಯಲ್ಲಿಟ್ಟು ಒಂದು ಚಪ್ಪಾಳೆ ತಟ್ಟಿ ಹಾಕಿದರೆ ಸಾಕು. ಅರೆದದ್ದು ಬೇಗ ಕಪ್ಪಾಗುತ್ತದೆ, ಒಗರೂ ಬರುತ್ತದೆ.

ಪಾಕ, ರಸ ಮೊದಲು. ಚೆನ್ನಾಗಿ ತಣಿದ ಸೋಡಾ ಕೊನೆಗೆ, ಲೋಟ ಓರೆ ಹಿಡಿದು ಅಂಚಿನಿಂದ. ತಳದಿಂದ ಒಮ್ಮೆ ಎತ್ತಿ ಕಲಕಿದರೆ ಮುಗಿಯಿತು. ಮೇಲಿಂದ ಉಪ್ಪು ಉದುರಿಸುವ ಅಭ್ಯಾಸ ಇಲ್ಲಿ ಬಿಡಿ, ಒಂದೊಂದು ಹರಳೂ ಗ್ಯಾಸನ್ನು ಹೊರಗೆ ತಳ್ಳುತ್ತದೆ. ಪಾಕಕ್ಕೇ ಉಪ್ಪು ಹಾಕಿದ್ದು ಅದಕ್ಕೇ. ಮನೆಯಲ್ಲಿ ಸೋಡಾ ಯಂತ್ರವಿದ್ದರೆ ಬರೀ ತಣ್ಣೀರಿಗೆ ಗ್ಯಾಸು ತುಂಬಿ. ರಸ ಬೆರೆಸಿ ತುಂಬಲು ಹೋದರೆ ಬಾಟಲಿ ಬಿಚ್ಚಿದ ಕೂಡಲೇ ನೊರೆ ಉಕ್ಕಿ ಕಟ್ಟೆಯೆಲ್ಲ ಅಂಟಂಟು.

ಸಕ್ಕರೆ ಕಾಯಿಲೆಯವರಿಗೆ ಒಂದು ಮಾತು: ಬೆಲ್ಲವೂ ಸಕ್ಕರೆಯೇ, ಬಣ್ಣ ಬೇರೆ ಅಷ್ಟೆ.