ಎರಡನೇ ಸಿಲಿಂಡರ್

ಬೆಳಗ್ಗೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕುವಾಗಲೇ ಗ್ಯಾಸ್ ಮುಗಿಯಿತು. ಪಕ್ಕದಲ್ಲೇ ಇದ್ದ ತುಂಬಿದ ಸಿಲಿಂಡರ್‌ಗೆ ರೆಗ್ಯುಲೇಟರ್ ಹಾಕಿದೆ. ಎರಡು ನಿಮಿಷದ ಕೆಲಸ.

ಚಿಕ್ಕವನಿದ್ದಾಗ ನಮ್ಮನೆಯಲ್ಲಿ ಇದ್ದದ್ದು ಒಂದೇ ಸಿಲಿಂಡರ್. ತಿಂಗಳ ಕೊನೆಯಲ್ಲಿ ಉರಿ ಸಣ್ಣಗಾದರೆ ಅಮ್ಮನ ಮುಖವೂ ಸಣ್ಣಗಾಗುತ್ತಿತ್ತು. ಅಲ್ಲಾಡಿಸಿ, ಅಡ್ಡ ಮಲಗಿಸಿ (ಹಾಗೆ ಮಾಡಬಾರದು, ಅಪಾಯ) ಇನ್ನೊಂದು ಹೊತ್ತು ಅನ್ನ ಬೇಯಿಸುತ್ತಿದ್ದಳು. ಆಮೇಲೆ ಸಾಸಿವೆ ಡಬ್ಬಿ ಸುರಿದು ಚಿಲ್ಲರೆ ಎಣಿಕೆ. ಐದರ ನಾಣ್ಯಕ್ಕೂ ಸಾಸಿವೆ ವಾಸನೆ.

ದುಡ್ಡಿನಿಂದ ನೆಮ್ಮದಿ ಬರಲ್ಲ ಅನ್ನುವವರ ಮನೆಯಲ್ಲಿ ಎರಡು ಸಿಲಿಂಡರ್ ಇರುತ್ತದೆ ಅನ್ನುವುದು ನನ್ನ ಗುಮಾನಿ. 2010ರಲ್ಲಿ ಸಂಶೋಧಕರಾದ ಡೇನಿಯಲ್ ಕಾನೆಮನ್ ಮತ್ತು ಆ್ಯಂಗಸ್ ಡೀಟನ್, ಅಮೆರಿಕದಲ್ಲಿ ಆದಾಯ ವರ್ಷಕ್ಕೆ 75,000 ಡಾಲರ್ ದಾಟಿದ ಮೇಲೆ ದಿನದಿನದ ಖುಷಿ ಜಾಸ್ತಿಯಾಗುವುದಿಲ್ಲ ಎಂದಿದ್ದರು. 2023ರಲ್ಲಿ ಕಾನೆಮನ್ ಅವರೇ ಬೇರೆಯವರ ಜೊತೆ ಸೇರಿ, ಹೆಚ್ಚಿನವರಿಗೆ ಅದು ಏರುತ್ತಲೇ ಹೋಗುತ್ತದೆ ಎಂದು ತಿದ್ದಿದರು. ಅಷ್ಟು ಮೇಲಿನ ಲೆಕ್ಕ ನನಗೆ ಗೊತ್ತಿಲ್ಲ. ಗ್ಯಾಸ್ ಮುಗಿದರೂ ಎದೆ ಧಸಕ್ಕೆನ್ನಲಿಲ್ಲ, ಅಷ್ಟೇ.

ಅಮ್ಮ ಮಾತ್ರ ಊರಿಂದ ಬಂದರೆ ಈಗಲೂ ಮೊದಲು ಸಿಲಿಂಡರ್ ಅಲ್ಲಾಡಿಸಿ ನೋಡುತ್ತಾಳೆ.

ಹೊಸದು ಬುಕ್ ಮಾಡಬೇಕು. ನಾಳೆ ಮಾಡಿದರಾಯಿತು.