ಯಾರು ಮಾತಾಡಬೇಕು, ಎಷ್ಟು ನಿಮಿಷ?

ಸಾವಿನ ಬಗ್ಗೆ ಚರ್ಚೆ ಕೇಳೋಣ ಅಂತ ಹೋದವಳಿಗೆ ಅವತ್ತು ಸಿಕ್ಕಿದ್ದು ಟೈಮ್‌ಟೇಬಲ್ ಜಗಳ.

2025ರ ಜನವರಿ 21, ಮಂಗಳವಾರ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್, ಅಂದರೆ ಬ್ರಿಟನ್ನಿನ ಪಾರ್ಲಿಮೆಂಟು. ಗುಣವಾಗದ ಕಾಯಿಲೆ ಬಂದು, ಇನ್ನು ಆರು ತಿಂಗಳೊಳಗೆ ಹೋಗಿಬಿಡಬಹುದು ಎಂದು ವೈದ್ಯರು ಹೇಳಿದವರು ತಾವಾಗಿ ಕೇಳಿಕೊಂಡರೆ, ಜೀವ ಬಿಡಲು ವೈದ್ಯಕೀಯ ನೆರವು ಕೊಡಬಹುದು ಅನ್ನುವ ಮಸೂದೆ ಅದು. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ. 2024ರ ನವೆಂಬರ್ 29ರಂದು ಕೆಳಮನೆಯಲ್ಲಿ 330–275 ಮತಗಳಿಂದ ಮೊದಲ ದೊಡ್ಡ ಹೊಸಿಲು ದಾಟಿತ್ತು. ಈಗ ಅದನ್ನು ಸಾಲುಸಾಲಾಗಿ ನೋಡಬೇಕಾದ ಸಮಿತಿಯ ಮೊದಲ ಸಭೆ.

ನಾನು ಹಾಸನದ ಕಡೆಯವಳು. ಇಲ್ಲಿ ನರ್ಸ್ ಕೆಲಸ. ನಮ್ಮ ವಾರ್ಡಿಗೆ ಬರುವವರಲ್ಲಿ ವಾಸಿಯಾಗಿ ಮನೆಗೆ ಹೋಗುವವರು ಕಮ್ಮಿ. "ಆ ಕಾನೂನು ಯಾವಾಗ ಬರುತ್ತೆ?" ಅಂತ ಕೆಲವರು ಕೇಳುತ್ತಾರೆ. ಇನ್ನು ಕೆಲವರು, ಅದು ಬಂದರೆ ನಮ್ಮನ್ನು ಬೇಗ ಕಳಿಸಿಬಿಡ್ತೀರಾ ಅಂತ ಕೇಳುತ್ತಾರೆ. ಇಬ್ಬರಿಗೂ ಹೇಳೋಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ಸಲ ಹೋಗಿ ನೋಡೇಬಿಡೋಣ ಅನ್ನಿಸಿತು.

ಒಳಗೆ ಹೋಗುವುದು ಕಷ್ಟವೇನಲ್ಲ. ಸಮಿತಿ ಸಭೆಗಳಲ್ಲಿ ಸಾರ್ವಜನಿಕರು ಹಿಂದೆ ಕೂತು ಕೇಳಬಹುದು, ದುಡ್ಡು ಕೊಡಬೇಕಿಲ್ಲ. ಕ್ರಾಮ್‌ವೆಲ್ ಗ್ರೀನ್ ಬಾಗಿಲಲ್ಲಿ ಏರ್‌ಪೋರ್ಟಿನ ಹಾಗೆ ತಪಾಸಣೆ. ಆಮೇಲೆ ವೆಸ್ಟ್‌ಮಿನ್‌ಸ್ಟರ್ ಹಾಲ್ ದಾಟಿ, ಸೆಂಟ್ರಲ್ ಲಾಬಿ ದಾಟಿ, ಮೆಟ್ಟಿಲು ಹತ್ತಿದರೆ ಉದ್ದನೆಯ ಕಮಿಟಿ ಕಾರಿಡಾರ್. ಕೋಣೆಯೊಳಗೆ ಸದಸ್ಯರು ಎದುರುಬದುರು ಕೂರುತ್ತಾರೆ, ಅಧ್ಯಕ್ಷರು ನಡುವೆ ಸ್ವಲ್ಪ ಎತ್ತರದಲ್ಲಿ. ಸಣ್ಣ ಪಾರ್ಲಿಮೆಂಟೇ.

ಜಗಳ ಯಾಕೆ ಬಂತು ಅಂತ ತಿಳಿಯಬೇಕಾದರೆ ಇಷ್ಟು ಗೊತ್ತಿರಬೇಕು. ಇದು ಸರ್ಕಾರದ ಮಸೂದೆ ಅಲ್ಲ. ಕಿಮ್ ಲೆಡ್‌ಬೀಟರ್ ಎಂಬ ಲೇಬರ್ ಸದಸ್ಯೆ ಸ್ವಂತವಾಗಿ ತಂದದ್ದು. ಸರ್ಕಾರ ತಟಸ್ಥ. ಪಕ್ಷದ ವಿಪ್ ಇಲ್ಲ. ಸರ್ಕಾರದ ಮಸೂದೆಯಾದರೆ ಯಾವ ದಿನ ಏನು, ಯಾವಾಗ ಮುಗಿಯಬೇಕು ಎಂದು ಮೊದಲೇ ಗೆರೆ ಎಳೆದಿರುತ್ತದೆ. ಇಲ್ಲಿ ಅದಿಲ್ಲ. ಇಂಥ ಖಾಸಗಿ ಮಸೂದೆಗಳಿಗೆ ಸಾಮಾನ್ಯವಾಗಿ ತಜ್ಞರನ್ನು ಕರೆದು ಕೇಳುವ ಪದ್ಧತಿಯೂ ಇಲ್ಲ. ಈ ಸಲ ವಿಷಯ ದೊಡ್ಡದು ಅಂತ ಸದನವೇ ಆ ಅಧಿಕಾರ ಕೊಟ್ಟಿತ್ತು. ಹಾಗಾಗಿ ಯಾರನ್ನು ಕರೆಯಬೇಕು, ಯಾವ ದಿನ, ಎಷ್ಟು ನಿಮಿಷ, ಎಲ್ಲವನ್ನೂ ಸಮಿತಿಯ 23 ಜನರೇ ತೀರ್ಮಾನಿಸಬೇಕು. ಅವರಲ್ಲಿ 14 ಜನ ನವೆಂಬರಿನಲ್ಲಿ ಮಸೂದೆಯ ಪರ ಮತ ಹಾಕಿದವರು, 9 ಜನ ವಿರುದ್ಧ. ಮತಕ್ಕೆ ಹಾಕಿದರೆ ಯಾರು ಗೆಲ್ಲುತ್ತಾರೆ ಅಂತ ಕೂಡಿ ಕಳೆಯಬೇಕಾಗಿಯೇ ಇಲ್ಲ.

ನಾವು ಕೂತು ಕೋಟು ತೆಗೆಯುವಷ್ಟರಲ್ಲೇ ಮೊದಲ ಪ್ರಶ್ನೆ ಬಂತು: ಈ ಚರ್ಚೆಯನ್ನು ಬಾಗಿಲು ಮುಚ್ಚಿ ಮಾಡಬೇಕೇ? ಸಾಕ್ಷಿ ಹೇಳಲು ಬರುವವರ ಹೆಸರು ಹಿಡಿದು, ಇವರು ಬೇಕು ಅವರು ಬೇಡ ಅಂತ ಎಲ್ಲರೆದುರು ಮಾತಾಡುವುದು ಸರಿಯಲ್ಲ ಎಂಬುದು ಲೆಡ್‌ಬೀಟರ್ ಕಡೆಯ ವಾದ. ಡ್ಯಾನಿ ಕ್ರೂಗರ್ ಮೊದಲಾದ ವಿರೋಧಿಗಳು ಒಪ್ಪಲಿಲ್ಲ. ಜನರ ಜೀವದ ವಿಷಯ, ಜನ ಕೇಳಿಸಿಕೊಳ್ಳಲಿ ಅಂದರು. ಮತ ಹಾಕಿದರು. ಬಾಗಿಲು ಮುಚ್ಚುವವರು ಗೆದ್ದರು. ನಾವೆಲ್ಲ ಎದ್ದು ಹೊರಗೆ ಬಂದೆವು.

ಆ ದಿನದ ಮುಖ್ಯ ಪಾಠ ನನಗೆ ಆದದ್ದು ಕಾರಿಡಾರಿನಲ್ಲೇ. ಬೆಂಚಿನ ಒಂದು ತುದಿಯಲ್ಲಿ ಒಬ್ಬ ಅಜ್ಜ. ಹೆಂಡತಿ ಕ್ಯಾನ್ಸರ್‌ನಿಂದ ತುಂಬಾ ನರಳಿ ಹೋದರಂತೆ. ಕಾನೂನು ನಾಳೆಯೇ ಬರಲಿ ಅನ್ನುವವರು. ಪಕ್ಕದಲ್ಲಿ ವೀಲ್‌ಚೇರಿನಲ್ಲಿ ಒಬ್ಬ ಹೆಂಗಸು. ಈ ಕಾನೂನು ಬಂದರೆ ನಮ್ಮಂಥವರನ್ನು ಹೊರೆ ಅನ್ನುತ್ತಾರೆ ಎಂಬ ಭಯ ಅವರಿಗೆ. ಇಬ್ಬರಿಗೂ ಕಾಯಿದೆಯ ಬಗ್ಗೆ ಒಂದೂ ಮಾತಿನಲ್ಲಿ ಒಮ್ಮತವಿಲ್ಲ. ಆದರೆ ಇಬ್ಬರೂ ಕೇಳುತ್ತಿದ್ದ ಪ್ರಶ್ನೆ ಒಂದೇ: ನಮ್ಮ ಮಾತು ಹೇಳುವವರಿಗೆ ಎಷ್ಟು ಹೊತ್ತು ಕೊಡ್ತಾರೆ? ಅಜ್ಜನಿಗೆ ಮನೆಯವರನ್ನು ಕಳೆದುಕೊಂಡವರು ಬಂದು ಹೇಳಬೇಕು. ಆಕೆಗೆ ಅಂಗವಿಕಲರ ಸಂಘಟನೆಗಳು ಬೇಕು. ಸ್ವಲ್ಪ ಹೊತ್ತಿಗೆ ಅಜ್ಜ ಫ್ಲಾಸ್ಕಿನಿಂದ ಆಕೆಗೂ ಟೀ ಬಗ್ಗಿಸಿ ಕೊಟ್ಟರು. ನನಗೂ ಕೊಟ್ಟರು. ಸಕ್ಕರೆ ಇರಲಿಲ್ಲ, ಇರಲಿ.

ನನ್ನನ್ನು ಕೇಳಿದರೆ, ಬಾಗಿಲು ಮುಚ್ಚಿದ್ದು ಸರಿ ಹೋಗಲಿಲ್ಲ. ವ್ಯಕ್ತಿಗಳ ಹೆಸರು ಗುಟ್ಟಾಗಿರಲಿ, ಒಪ್ಪೋಣ. ಆದರೆ ಯಾವ ಕಡೆಗೆ ಎಷ್ಟು ಸಮಯ ಅನ್ನುವ ಲೆಕ್ಕಕ್ಕೆ ಗುಟ್ಟು ಯಾಕೆ?

ಮತ್ತೆ ಒಳಗೆ ಬಿಟ್ಟಾಗ ಪಟ್ಟಿಯ ಮೇಲೆ ಜಗಳ ಶುರುವಾಗಿತ್ತು. ಮಸೂದೆ ಬೇಕು ಅನ್ನುವವರೇ ಪಟ್ಟಿಯಲ್ಲಿ ಜಾಸ್ತಿ ಎಂಬುದು ವಿರೋಧಿಗಳ ದೂರು. ಮನೋವೈದ್ಯರ ರಾಯಲ್ ಕಾಲೇಜಿನ ಹೆಸರೇ ಅದರಲ್ಲಿರಲಿಲ್ಲ. ಸಾಯಬೇಕು ಅನ್ನುವವನ ಮನಸ್ಸಿನ ಸ್ಥಿತಿ ಹೇಗಿದೆ, ಅವನು ಸ್ವಂತ ಬುದ್ಧಿಯಿಂದ ತೀರ್ಮಾನ ಮಾಡುತ್ತಿದ್ದಾನಾ ಅಂತ ನೋಡಬೇಕಾದವರು ಮನೋವೈದ್ಯರು ಅಲ್ವಾ? ಅವರನ್ನು ಸೇರಿಸಿ ಎಂದವರು ಅವತ್ತು ಮತದಲ್ಲಿ ಸೋತರು. ಹೊರಗೆ ಟೀಕೆ ಬಂತು. ಕೆಲವೇ ದಿನಗಳಲ್ಲಿ ಆ ಕಾಲೇಜನ್ನೂ ಪಟ್ಟಿಗೆ ಸೇರಿಸಿಕೊಂಡರು.

ಸಾಕ್ಷಿಗಳ ಮಾತು ಜನವರಿ 28, 29, 30ರಂದು. ಅದನ್ನು ನಾನು ಮನೆಯಲ್ಲೇ, ನೈಟ್ ಡ್ಯೂಟಿ ಮುಗಿಸಿ ಬಂದು, ಉಪ್ಪಿಟ್ಟು ತಿನ್ನುತ್ತಾ ಮೊಬೈಲಿನಲ್ಲಿ ನೋಡಿದೆ. ಇಂಗ್ಲೆಂಡಿನ ಮುಖ್ಯ ವೈದ್ಯಾಧಿಕಾರಿ ಕ್ರಿಸ್ ವಿಟ್ಟಿ ಮೊದಲಿಗರು. ಆಸ್ಟ್ರೇಲಿಯಾದ ವೈದ್ಯರು ವಿಡಿಯೊದಲ್ಲಿ ಬಂದರು. ಪ್ರತಿ ಗುಂಪಿಗೂ ಇಷ್ಟು ನಿಮಿಷ ಅಂತ ಗೊತ್ತುಮಾಡಿದ್ದರು. ಮೂವತ್ತು ವರ್ಷ ರೋಗಿಗಳ ಪಕ್ಕದಲ್ಲಿ ನಿಂತವರಿಗೂ ಅಷ್ಟೇ ಹೊತ್ತು, ಅದರಲ್ಲೂ ಪಕ್ಕದವರ ಜೊತೆ ಹಂಚಿಕೊಂಡು. ಪ್ರಶ್ನೆ ಕೇಳುವವರೇ ಅರ್ಧ ಸಮಯ ತಿಂದರೆ ಉತ್ತರಕ್ಕೆ ಉಳಿಯುವುದೆಷ್ಟು?

ಅದೇ ವಾರ ಊರಿನಿಂದ ಅಣ್ಣನ ಫೋನ್.

"ಪುಟ್ಟಿ, ನೀನು ಅಲ್ಲಿ ಕೂತು ನೋಡ್ತಿದ್ದೀಯಲ್ಲ, ನಮ್ಮ ಕರ್ನಾಟಕದಲ್ಲೇ ಆರ್ಡರ್ ಬಂತಂತೆ ಕಣೇ!"

ಜನವರಿ 30ರಂದೇ ಕರ್ನಾಟಕದ ಆರೋಗ್ಯ ಇಲಾಖೆ ಘನತೆಯ ಸಾವಿನ ಹಕ್ಕಿನ ಬಗ್ಗೆ ಆದೇಶ ಹೊರಡಿಸಿತ್ತು. ಆದರೆ ಅದು ಬೇರೆ, ಇದು ಬೇರೆ. ಅಲ್ಲಿಯದು 2018ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟು, 2023ರಲ್ಲಿ ಸರಳ ಮಾಡಿದ ತೀರ್ಪಿನಂತೆ, ವಾಸಿಯಾಗುವ ಆಸೆ ಇಲ್ಲದವರ ವೆಂಟಿಲೇಟರ್‌ನಂಥ ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವುದು. ವೈದ್ಯರ ಎರಡು ಮಂಡಳಿ ಒಪ್ಪಬೇಕು. ಮುಂದೆ ತನಗೆ ಏನು ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವುದಕ್ಕೂ ಅವಕಾಶ ಉಂಟು. ಔಷಧಿ ಕೊಟ್ಟು ಸಾಯಲು ನೆರವಾಗುವ ಮಾತು ಅಲ್ಲಿಲ್ಲ. ಅಣ್ಣನಿಗೆ ಇದನ್ನು ಬಿಡಿಸಿ ಹೇಳಿದೆ.

"ಹಂಗಾದ್ರೆ ಇಲ್ಲಿ ಯಾವ ಕಮಿಟಿಲಿ ಜಗಳ ಆಡಿದ್ರು?" ಅಂದ.

ಕಮಿಟಿ ಅಲ್ಲ ಅಣ್ಣ, ಕೋರ್ಟು ಅಂದೆ. ಅಲ್ಲಿ ವಕೀಲರು ವರ್ಷಗಟ್ಟಲೆ ವಾದಿಸಿದರು. ಇಲ್ಲಿ ಸದಸ್ಯರು ಗಂಟೆಗೆ ಗಂಟೆ ಚೌಕಾಸಿ ಮಾಡುತ್ತಿದ್ದರು.

ಫೆಬ್ರುವರಿ 11ರಿಂದ ಕಲಮು ಕಲಮಾಗಿ ಚರ್ಚೆ. ಇಲ್ಲೊಂದು ತಮಾಷೆಯ ನಿಯಮ ಇದೆ. ಮಂಗಳವಾರ, ಬುಧವಾರ ಸದನ ಕೂರುವುದು ಹನ್ನೊಂದೂವರೆಗೆ. ಅದಕ್ಕೇ ಬೆಳಗಿನ ಸಮಿತಿ ಸರಿಯಾಗಿ 11 ಗಂಟೆ 25 ನಿಮಿಷಕ್ಕೆ ಏಳಲೇಬೇಕು. ಸ್ಥಾಯಿ ನಿಯಮ 88. ಯಾರಾದರೂ ಮಾತಿನ ನಡುವೆ ಇದ್ದರೂ ಅಷ್ಟೇ, ವಾಕ್ಯ ಅಲ್ಲಿಗೇ ನಿಲ್ಲುತ್ತದೆ. ಮತಕ್ಕೂ ಹಾಕುವುದಿಲ್ಲ. ಮಧ್ಯಾಹ್ನ ಬಂದು ಮುಂದುವರಿಸಬೇಕು. ಸದನದಲ್ಲಿ ಮತದಾನದ ಗಂಟೆ ಹೊಡೆದರೂ ಎಲ್ಲರೂ ಎದ್ದು ಓಡಬೇಕು.

ಬೆಳಗಿನ ಸಭೆಗೆ ಇಷ್ಟು ಬಿಗಿ ಕಟ್ಟು ಇದೆ. ಸಂಜೆಯ ಸಭೆಗೆ ಹಾಗಿಲ್ಲ. ಮಾರ್ಚಿನಲ್ಲಿ ಕೆಲಸ ಮುಗಿಸುವ ಅವಸರಕ್ಕೆ ರಾತ್ರಿಯವರೆಗೂ ಎಳೆದರು. ಒಂದು ರಾತ್ರಿ ನಾಝ್ ಶಾ ಎಂಬ ಸದಸ್ಯೆ ನಡುವೆಯೇ ಹೊರಡಬೇಕಾಯಿತು. ಆಕೆಗೆ ಕಿವಿ ಕೇಳಿಸುವ ಯಂತ್ರ ಬೇಕು. ಅದರ ಬ್ಯಾಟರಿ ಅಷ್ಟು ಹೊತ್ತು ಬರುವುದಿಲ್ಲ. ಇದನ್ನು ಆಕೆಯೇ ಸಮಿತಿಯಲ್ಲಿ ಹೇಳಿದರು. ಅದನ್ನು ಕೇಳಿ ನನಗೆ ಸಿಟ್ಟು ಬಂತು. ನಾನು ಯಾವ ಪಕ್ಷದವಳೂ ಅಲ್ಲ, ಮಸೂದೆಯ ಬಗ್ಗೆ ಇವತ್ತಿಗೂ ಅರ್ಧ ಮನಸ್ಸು ಅತ್ತ, ಅರ್ಧ ಇತ್ತ. ಆದರೆ ದುರ್ಬಲರನ್ನು ಹೇಗೆ ಕಾಪಾಡೋಣ ಅಂತ ಮಾತಾಡುವ ಸಭೆ, ಕಿವಿ ಮಂದವಾದವರು ಕೂರಲಾಗದ ಹೊತ್ತಿನಲ್ಲಿ ನಡೆದರೆ ಹೇಗೆ? ಇದನ್ನು ಬರೀ ಟೈಮಿಂಗ್ ವಿಷಯ ಅಂತ ತಳ್ಳಿಹಾಕೋಕೆ ಆಗುತ್ತಾ? ಮತ್ತೊಂದು ಕಡೆಯವರ ಮಾತೂ ಇದೆ: ಖಾಸಗಿ ಮಸೂದೆಗೆ ಪೂರ್ತಿ ಸದನದಲ್ಲಿ ಸಿಗುವುದು ಬೆರಳೆಣಿಕೆಯ ಶುಕ್ರವಾರಗಳು, ಸಮಿತಿಯಲ್ಲೇ ಕಾಲ ಕಳೆದರೆ ಮಸೂದೆ ತಾನಾಗಿ ಸಾಯುತ್ತದೆ. ಅದೂ ನಿಜ. ವಾರ್ಡಿನಲ್ಲಿ ಕೇಳುತ್ತಿದ್ದವರಿಗೆ ಅಷ್ಟು ಕಾಯುವ ಆಯುಸ್ಸಿರಲಿಲ್ಲ.

ಮಾರ್ಚ್ ಕೊನೆಗೆ 29 ಸಭೆ ಮುಗಿಸಿ ಸಮಿತಿ ಎದ್ದಿತು. ಮಸೂದೆ ಪೂರ್ತಿ ಸದನಕ್ಕೆ ಮರಳಿ ಬರುವುದು ಏಪ್ರಿಲ್ 25, ಶುಕ್ರವಾರ ಅಂತ ಇತ್ತು. ಗ್ಯಾಲರಿಯಲ್ಲಿ ಕೂರಬೇಕು ಅಂತ ನಾನು ಕೇರಳದ ಚೇಚಿಯೊಬ್ಬರ ಜೊತೆ ಡ್ಯೂಟಿ ಬದಲಾಯಿಸಿಕೊಂಡೆ. ಅವರ ಮಗುವಿನ ಬರ್ತ್‌ಡೇ ದಿನ ನಾನು ಮಾಡೋದು, ನನ್ನ ಶುಕ್ರವಾರ ಅವರು ಮಾಡೋದು. ಆಮೇಲೆ ಸುದ್ದಿ ಬಂತು: ತಿದ್ದುಪಡಿಗಳನ್ನು ಓದಲು ಸದಸ್ಯರಿಗೆ ಇನ್ನಷ್ಟು ಸಮಯ ಬೇಕು, ದಿನ ಮೇ 16ಕ್ಕೆ ಹೋಗಿದೆ. ಆ ಶುಕ್ರವಾರ ನನಗೆ ಬೆಳಗಿನಿಂದ ರಾತ್ರಿಯವರೆಗೆ ಡ್ಯೂಟಿ. ಚೇಚಿಯನ್ನು ಮತ್ತೆ ಕೇಳಿದೆ.

"ಪಾರ್ಲಿಮೆಂಟಿನವರನ್ನೇ ಬಂದು ಡ್ಯೂಟಿ ಮಾಡೋಕೆ ಹೇಳು" ಅಂದರು.